ಸೀಮೆಯ ಮಕ್ಕಳು ಮನೆಗೆ ಬಂದ ದಿನ

ಮಾತುಗಳಿಗೆ ಕಾಲಿದ್ದ ಕಾಲದಲ್ಲಿ ಸೀಮೆ ಅನ್ನುವ ಒಂದು ಮಾತು ಹೊಲದ ಅಂಚಿನಲ್ಲಿ ಗೆರೆಯಾಗಿ ಮಲಗಿತ್ತಂತೆ. ಈಚೆಯವರು ಆಚೆಗೆ ದಾಟದಂತೆ ಕಾಯುವುದಷ್ಟೇ ಅದರ ಕೆಲಸ. ಮಲಗಿ ಮಲಗಿ ಬೇಜಾರಾಗಿ ಗೆರೆ ಒಂದು ದಿನ ಎದ್ದು ಕೂತಿತು. ತನ್ನೊಳಗಿನ ಹೊಲ, ಕೆರೆ, ಮನೆ, ದನ ಎಲ್ಲವನ್ನೂ ಮಡಿಲಿಗೆ ಹಾಕಿಕೊಂಡು "ಇಷ್ಟೂ ನಾನೇ" ಅಂದಿತು. ಗೆರೆಯಾಗಿದ್ದದ್ದು ನಾಡಾಯಿತು. ಆಮೇಲೆ ಎಷ್ಟೋ ಗೆರೆಗಳ ಆಚೆಯಿಂದ ಹಡಗು ಹತ್ತಿ ಬಂದ ಎಣ್ಣೆಗೆ, ಸುಣ್ಣಕ್ಕೆ, ಬದನೆಗೆ ಏನು ಹೆಸರಿಡುವುದೆಂದು ತಿಳಿಯದೆ ಜನ ಇದರ ಹೆಸರನ್ನೇ ಅಂಟಿಸಿದರು. ಹೀಗೆ ಲೋಕ ಸುತ್ತಿ ಸುಸ್ತಾದ ಮಾತು ಕೊನೆಗೆ ಒಬ್ಬ ಅಜ್ಜಿಯ ಬಾಯಿಗೆ ಬಂದು ಬಿತ್ತು.

ಅದೇನು ಸಣ್ಣ ಬಾಯಲ್ಲ. ಹಾಲು ಉಕ್ಕಿದರೆ "ಯಾವ ಸೀಮೆ ಒಲೆಯೇ ಇದು!" ಅಳಿಯ ಬಾಗಿಲು ಹಾಕದೆ ಹೋದರೆ "ಯಾವ ಸೀಮೆ ಮನುಷ್ಯನಪ್ಪಾ!" ಮೊಮ್ಮಗಳು ಕತೆ ಕೇಳುತ್ತಾ ನಿದ್ದೆಹೋದರೆ ಆ ನಿದ್ದೆಗೂ ಅದೇ ಮಂಗಳಾರತಿ. ಆ ಮೊಮ್ಮಗಳು ದೊಡ್ಡವಳಾಗಿ ನಿಘಂಟು ಕಚೇರಿಗೆ ಸೇರಿದ ದಿನ ಅಜ್ಜಿ ಕೇಳಿದ್ದು ಒಂದೇ ಮಾತು.

"ನಮ್ಮಂಥೋರು ಆಡೋದೂ ಆ ಪುಸ್ತಕಕ್ಕೆ ಬರುತ್ತೇನೇ? ಇಲ್ಲ, ಓದಿದೋರು ಆಡೋದು ಮಾತ್ರಾನಾ?"

"ಬರುತ್ತಜ್ಜಿ. ನಿನ್ನ ಸೀಮೆ ಬೈಗುಳ ನಾನೇ ಸೇರಿಸ್ತೀನಿ, ನೋಡ್ತಿರು."

ಮಾತು ಕೊಟ್ಟು ಎರಡು ವರ್ಷವಾಗಿತ್ತು. ಇಷ್ಟು ಬಳಕೆಯ ಮಾತು ತಾನಾಗಿಯೇ ಒಳಗಿರುತ್ತದೆ ಎಂದು ಅವಳು ನಿಶ್ಚಿಂತೆಯಾಗಿ ಕನಸು ಕಾಣುತ್ತಿದ್ದಳು. ಕಚೇರಿಯಲ್ಲಿ ಎಲ್ಲರೂ ಅವಳನ್ನು ನಿದ್ದೆಗಣ್ಣಿ ಎನ್ನುತ್ತಿದ್ದದ್ದು ಸುಮ್ಮನೆ ಅಲ್ಲ. ಇವತ್ತು ಹನ್ನೊಂದು ಗಂಟೆಗೆ ಕೊನೆಯ ಕರಡಚ್ಚು ಮೇಜಿಗೆ ಬಂದಾಗ ಆ ಕಣ್ಣುಗಳು ಬಟ್ಟಲಗಲವಾದವು.

ಸೀಮೆ: ೧. ಎಲ್ಲೆ, ಗಡಿ. ೨. ನಾಡು, ಪ್ರದೇಶ.

ಅಷ್ಟೇ. ಎರಡೇ ಅರ್ಥ. ಹಡಗು ಹತ್ತಿ ಬಂದದ್ದೂ ಇಲ್ಲ, ಅಜ್ಜಿಯ ಬಾಯಿಗೆ ಬಿದ್ದದ್ದೂ ಇಲ್ಲ. ಐದು ಗಂಟೆಗೆ ಅಚ್ಚುಕೂಟದವನು ಬಂದು ಹಾಳೆ ಒಯ್ಯುತ್ತಾನೆ. ಮುಂದಿನ ಆವೃತ್ತಿಗೆ ಇನ್ನು ಮೂವತ್ತು ವರ್ಷ. ಅಜ್ಜಿಗೆ ಈಗಲೇ ಎಂಬತ್ತೊಂದು.

ಅವಳು ಹಾಳೆ ಹಿಡಿದು ಸಂಪಾದಕರ ಕೋಣೆಗೆ ಓಡಿದಳು. ಯಾವ ವಾದವನ್ನೂ ಒಂದೇ ಮಾತಿನಲ್ಲಿ ಮುಗಿಸುವ ಅವರಿಗೆ ಕಚೇರಿ ಇಟ್ಟ ಹೆಸರು ಪೂರ್ಣವಿರಾಮ.

"ಚೀಟಿ ಇದೆಯಾ?" ಅಂದರು ಪೂರ್ಣವಿರಾಮ, ತಲೆ ಎತ್ತದೆ.

ಆ ಕಚೇರಿಯ ಕಟ್ಟಳೆ ಅದು. ಯಾರು, ಎಲ್ಲಿ, ಯಾವ ವಾಕ್ಯದಲ್ಲಿ ಆ ಮಾತು ಆಡಿದರು ಎಂದು ಬರೆದ ಚೀಟಿ ಬೇಕು. ಒಂದು ಅರ್ಥಕ್ಕೆ ಮೂರು ಚೀಟಿ, ಮೂರು ಬೇರೆ ಬೇರೆ ಬಾಯಿ.

"ನಮ್ಮಜ್ಜಿ ದಿನಕ್ಕೆ ಹತ್ತು ಸಲ ಅಂತಾರೆ ಸಾರ್."

"ನೌಕರರ ಮನೆಯವರ ಬಾಯಿ ಲೆಕ್ಕಕ್ಕಿಲ್ಲ. ನಾಳೆ ನನ್ನ ಹೆಂಡತಿ ನನ್ನನ್ನ ಕರೆಯೋದನ್ನೂ ಅಚ್ಚು ಹಾಕಬೇಕಾಗುತ್ತೆ. ಐದರೊಳಗೆ ಮೂರು ತನ್ನಿ, ಹಾಕ್ತೀನಿ. ಇಲ್ಲದಿದ್ರೆ ಇಲ್ಲ."

ಚೀಟಿಗಳ ಕೋಣೆಗೆ ಒಡತಿ ಚೀಟಿ ಅಕ್ಕ. ಮೂವತ್ತೆರಡು ವರ್ಷಗಳಿಂದ ಗೋಡೆಯುದ್ದದ ಮರದ ಡಬ್ಬಗಳನ್ನು ಜೋಡಿಸಿಟ್ಟವಳು. ನಿವೃತ್ತಿಗೆ ಇನ್ನೊಂದೇ ತಿಂಗಳು. ಸೀಮೆಯ ಡಬ್ಬ ಇಳಿಸಿ ನೋಡಿದರೆ ಒಳಗೆ ಹನ್ನೊಂದೇ ಚೀಟಿ.

"ಅಕ್ಕಾ, ಊರೆಲ್ಲ ಆಡೋ ಮಾತಿಗೆ ಹನ್ನೊಂದೇನಾ?"

"ಇದ್ದಷ್ಟು ಇರೋದು. ನಾನೇನು ತಿಂದುಬಿಟ್ನಾ?"

"ಸೀಮೆಎಣ್ಣೆ ಚೀಟಿನಾದ್ರೂ ಇರಬೇಕಲ್ವಾ?"

"ಅದ್ಯಾಕೆ ಇಲ್ಲಿರುತ್ತೆ? ಎಣ್ಣೆ ಡಬ್ಬದಲ್ಲಿರುತ್ತೆ."

ನಿದ್ದೆಗಣ್ಣಿಯ ಮೈ ಜುಮ್ಮೆಂದಿತು. "ಸೀಮೆಸುಣ್ಣ?"

"ಸುಣ್ಣದಲ್ಲಿ. ಸೀಮೆಬದನೆ ಬದನೆಕಾಯಲ್ಲಿ, ಸೀಮೆಹಸು ಹಸುವಿನಲ್ಲಿ. ಪದಾರ್ಥ ಮುಖ್ಯ ತಾನೇ?"

ಹಾಗಾದರೆ ಸೀಮೆ ಬಂಜೆಯಲ್ಲ! ಅದರ ಮಕ್ಕಳನ್ನೆಲ್ಲ ಬೇರೆ ಬೇರೆ ಮನೆಗೆ ದತ್ತು ಕೊಟ್ಟುಬಿಟ್ಟಿದ್ದರು! ಅವಳು ಸ್ಟೂಲು ಹತ್ತಿ, ಇಳಿದು, ಮತ್ತೆ ಹತ್ತಿ, ಎಣ್ಣೆಯಿಂದ ಆರು, ಸುಣ್ಣದಿಂದ ನಾಲ್ಕು, ಬದನೆಯಿಂದ ಮೂರು ಚೀಟಿ ಕಿತ್ತು ತಂದಳು. ಮೂರನೆಯ ಅರ್ಥ ಕೈಗೆ ಬಂತು. ಬೈಗುಳ ಮಾತ್ರ ಇನ್ನೂ ಇಲ್ಲ.

"ಅಕ್ಕಾ, 'ಯಾವ ಸೀಮೆ ಮನುಷ್ಯ' ಅಂತ ಯಾರಾದ್ರೂ ಚೀಟಿ ಕಳಿಸಿದ್ರೆ ಅದನ್ನ ಎಲ್ಲಿಡ್ತಿದ್ರಿ?"

ಚೀಟಿ ಅಕ್ಕ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು. "ಅಂಥದ್ದಕ್ಕೆ ಮೊದಲನೇ ಮಾತು ನೋಡಿ... 'ಯಾವ'ದಲ್ಲಿ."

"ಅದು ಎಲ್ಲಿದೆ?"

"ಅಚ್ಚಾಗಿ ಹೋಯ್ತಲ್ಲ. ಡಬ್ಬದಲ್ಲಿ ಹಿಡಿಸಲ್ಲ ಅಂತ ಅದೊಂದನ್ನ ಕಟ್ಟಿ ಅಟ್ಟಕ್ಕೆ ಹಾಕಿದೀನಿ. ನಾಲ್ಕು ಸಾವಿರ ಚೀಟಿ ಕಣೇ! ಮೂವತ್ತೆರಡು ವರ್ಷ ಯಾರೂ ನನ್ನ ಕೆಲಸದಲ್ಲಿ ತಪ್ಪು ಹಿಡಿದಿಲ್ಲ, ಹೋಗೋ ಹೊತ್ತಿಗೆ ನೀನೊಬ್ಬಳು ಬಂದೆ."

"ತಪ್ಪು ಅಂದವರು ಯಾರಕ್ಕಾ? ನೀವು ಇಟ್ಟಿದ್ದಕ್ಕೆ ತಾನೇ ಹುಡುಕೋಕೆ ಸಿಗೋದು. ಯಾರಾದ್ರೂ ಎಸೆದುಬಿಟ್ಟಿದ್ರೆ?"

ಅಕ್ಕ ಅವಳ ಮುಖ ನೋಡಿದಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, "ಏಣಿ ಹಿಡಿ" ಅಂದಳು.

ಗಂಟುಗಳು ಧೂಳಿನ ಸಮೇತ ಧೊಪ್ಪನೆ ಬಿದ್ದವು. ಆಗಲೇ ಮೂರೂವರೆ. ಯಾವ ಊರು, ಯಾವ ಹೊತ್ತು, ಯಾವ ಬಾಯಲ್ಲಿ ಹೇಳಲಿ, ಯಾವನೋ ನೀನು... ಇಬ್ಬರೂ ಸೀನುತ್ತಾ ಚೀಟಿ ಮಗುಚಿದರು. ಸದ್ದಿಗೆ ಬಂದ ಲೆಕ್ಕದ ಮೇಡಂ "ಇಲಿ ಹೊಕ್ಕಿದ್ಯಾ?" ಎಂದು ಬೈಯುತ್ತಲೇ ಒಂದು ಗಂಟು ಎಳೆದುಕೊಂಡು ಕೂತರು.

ನಾಲ್ಕು ಗಂಟೆಗೆ ಮೊದಲನೆಯದು ಸಿಕ್ಕಿತು. ನ್ಯಾಯಾಲಯದ ಗುಮಾಸ್ತನೊಬ್ಬ ಕೇಳಿ ಬರೆದದ್ದು: "ಇದು ಯಾವ ಸೀಮೆ ನ್ಯಾಯ ಸ್ವಾಮಿ?" ನಿದ್ದೆಗಣ್ಣಿ ಕೂಗಿದ ಕೂಗಿಗೆ ಕಿಟಕಿಯ ಪಾರಿವಾಳ ಹಾರಿಹೋಯಿತು. ನಾಲ್ಕೂ ಇಪ್ಪತ್ತಕ್ಕೆ ಎರಡನೆಯದು, ಬಡಗಿಯೊಬ್ಬ ತನ್ನ ಉಳಿಗೆ ಬೈದದ್ದು. ಆಮೇಲೆ ಏನೂ ಇಲ್ಲ. ನಾಲ್ಕೂವರೆ. ನಾಲ್ಕೂ ಮುಕ್ಕಾಲು. ಬಾಗಿಲಲ್ಲಿ ನೆರಳಾಯಿತು. ಪೂರ್ಣವಿರಾಮ ನಿಂತಿದ್ದರು. ಧೂಳನ್ನೂ ಮೂವರು ಹೆಂಗಸರ ಮೂಗುಗಳನ್ನೂ ನೋಡಿ, ಅಂಗಿಯ ತೋಳು ಮಡಚಿ ತಾವೂ ಚೀಟಿ ಹುಡುಕಲು ನೆಲಕ್ಕೆ ಕೂತರು.

ಐದಕ್ಕೆ ಸರಿಯಾಗಿ ಅಚ್ಚುಕೂಟದವನು ಬಂದ. "ಹಾಳೆ ಕೊಡ್ತೀರಾ ಸಾರ್?"

"ಸ್ವಲ್ಪ ಇರಿ" ಅಂದರು ಪೂರ್ಣವಿರಾಮ. ಅವರು ಹಾಗೆ ಅಂದದ್ದನ್ನು ಯಾರೂ ಹಿಂದೆ ಕೇಳಿರಲಿಲ್ಲ.

ಕೊನೆಯ ಗಂಟಿನ ಮಧ್ಯೆ ಚೀಟಿ ಅಕ್ಕನ ಕೈ ನಿಂತಿತು. ಹಳದಿಗಟ್ಟಿದ ಚೀಟಿ, ಗುಂಡಗಿನ ಎಳೆಯ ಅಕ್ಷರ. "ಇದು... ನಂದೇ ಬರಹ. ಕೆಲಸಕ್ಕೆ ಸೇರಿದ ವಾರ. ತರಕಾರಿಯವಳು ನನಗೇ ಬೈದಿದ್ಲು." ಗಟ್ಟಿಯಾಗಿ ಓದಿದಳು: "'ಒಂದು ಕಟ್ಟು ಸೊಪ್ಪಿಗೆ ಒಂದು ಗಂಟೆ ಚೌಕಾಸಿ! ನೀನು ಯಾವ ಸೀಮೆ ಗಿರಾಕಿಯಮ್ಮಾ?'"

ನಾಲ್ವರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಿದ್ದೆಗಣ್ಣಿ ಅಕ್ಕನನ್ನು ತಬ್ಬಿಕೊಂಡು ಗರಗರನೆ ತಿರುಗಿಸಿಬಿಟ್ಟಳು.

"ಈಗ ಸಾಲು ಸೇರಿಸಿದ್ರೆ ಪುಟ ಒಡೆದು ಮುಂದಿನದಕ್ಕೆ ಹರಿಯುತ್ತೆ ಸಾರ್" ಅಂದ ಅಚ್ಚುಕೂಟದವನು.

"ಒಡೆಯಲಿ. ಬರೆಯಮ್ಮ ನೀನು."

ಅವಳು ಮಂಡಿಯ ಮೇಲೆ ಹಾಳೆ ಇಟ್ಟುಕೊಂಡು ಬರೆದಳು.

೩. ಹೊರನಾಡಿನಿಂದ ಬಂದದ್ದು: ಸೀಮೆಎಣ್ಣೆ, ಸೀಮೆಸುಣ್ಣ. ೪. ಆಡುಮಾತಿನಲ್ಲಿ, 'ಯಾವ' ಎಂಬುದರೊಡನೆ, ಆಕ್ಷೇಪಿಸುವಾಗ ಅಥವಾ ಸಲಿಗೆಯಿಂದ ಗದರುವಾಗ: ಯಾವ ಸೀಮೆ ನ್ಯಾಯ, ಯಾವ ಸೀಮೆ ಉಳಿ, ಯಾವ ಸೀಮೆ ಗಿರಾಕಿ.

ಪೂರ್ಣವಿರಾಮ ಒಮ್ಮೆ ಓದಿ ಕೆಳಗೆ ಸಹಿ ಹಾಕಿದರು. ಅಚ್ಚುಕೂಟದವನು ಹಾಳೆಯನ್ನು ಚೀಲಕ್ಕಿಟ್ಟು, ಎರಡೆರಡು ಮೆಟ್ಟಿಲು ಹಾರುತ್ತಾ ಇಳಿದುಹೋದ.