ಯಾಂಗ್‌ಚೆನ್‌ಗೆ ಕೊಟ್ಟ ಮಾತು

ಅಮರಗೋಳದ ಎಪಿಎಂಸಿಯಲ್ಲಿ ಹತ್ತಿ ದಲಾಲಿ ಅಂಗಡಿ ಇಟ್ಟಿದ್ದ ಕುಬೇರಪ್ಪನವರ ಮಗಳು ದಾಕ್ಷಾಯಿಣಿ. ಫಿಜಿಯೋಥೆರಪಿ ಓದಿ, ಪೈಲ್ವಾನರ ಭುಜ, ಕಬಡ್ಡಿ ಹುಡುಗಿಯರ ಮೊಣಕಾಲು ನೋಡುತ್ತ ನೋಡುತ್ತಲೇ ಹುಬ್ಬಳ್ಳಿಯಲ್ಲಿ ಹೆಸರು ಮಾಡಿದವಳು. ವಿದೇಶದ ದೊಡ್ಡ ಚಳಿಗಾಲದ ಕ್ರೀಡಾಕೂಟಕ್ಕೆ ಹೊರಟ ದೇಶದ ತಂಡದ ವೈದ್ಯಕೀಯ ಸಿಬ್ಬಂದಿಗೆ ಅವಳನ್ನು ಆರಿಸಿದಾಗ, ಅವಳು ಹಿಮವನ್ನು ಸಿನಿಮಾದಲ್ಲಷ್ಟೇ ಕಂಡಿದ್ದಳು. ತಾಯಿ ಗೌರಕ್ಕ ಚೀಲಕ್ಕೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ ತುಂಬುತ್ತ, “ಮಂದಿ ಕಾಲ ನೋಡಾಕ ಹೋಗಿ ನಿನ್ನ ಕಾಲ ಮುರಕೊಂಡೀಯವಾ, ಜ್ವಾಕಿ” ಎಂದಿದ್ದಳು.

ತಂಡದಲ್ಲಿ ಸ್ಕೀ ಓಟಕ್ಕೆ ಇಳಿಯುವವಳು ಒಬ್ಬಳೇ ಹುಡುಗಿ. ಹಿಮಾಚಲದ ಲಾಹೌಲ್ ಕಣಿವೆಯ ಯಾಂಗ್‌ಚೆನ್. ದಿನಾ ಅಭ್ಯಾಸ ಮುಗಿಸಿ ಬಂದು ಚಿಕಿತ್ಸೆಯ ಮೇಜಿನ ಮೇಲೆ ಬೋರಲು ಬೀಳುತ್ತಿದ್ದಳು. ದಾಕ್ಷಾಯಿಣಿ ಬಿಗಿದ ಕಾಲುಗಳನ್ನು ನೀವುತ್ತಿದ್ದರೆ, ಅವಳು ತನ್ನ ಹಿಂದಿಯಲ್ಲಿ ಊರಿನ ಯಾಕ್‌ಗಳ ಸುದ್ದಿ, ಅಕ್ಕನ ಸುದ್ದಿ ಎಲ್ಲ ಹೇಳುತ್ತಿದ್ದಳು. ಗೌರಕ್ಕನ ರೊಟ್ಟಿಯನ್ನು ಅರ್ಧ ಖಾಲಿ ಮಾಡಿದ್ದೂ ಅವಳೇ.

ಸ್ಪರ್ಧೆಯ ಹಿಂದಿನ ದಿನ ಅಭ್ಯಾಸದಲ್ಲಿ ಒಂದು ತಿರುವಿನಲ್ಲಿ ಅವಳು ಜಾರಿ ಬಿದ್ದಳು. ಕೂಡಲೇ ಎದ್ದು ಕೈಬೀಸಿದ್ದರಿಂದ ಯಾರೂ ಅಷ್ಟು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಮಧ್ಯಾಹ್ನ ಮೇಜಿನ ಮೇಲೆ ಮಲಗಿ, “ದೀದಿ, ನಿಮಗೆ ಮಾತ್ರ ಹೇಳುತ್ತೇನೆ. ತಲೆ ಭಾರವಾಗಿದೆ. ಬೆಳಕು ಕಣ್ಣಿಗೆ ಚುಚ್ಚುತ್ತಿದೆ” ಎಂದಳು.

ದಾಕ್ಷಾಯಿಣಿ ಅವಳನ್ನು ಎಬ್ಬಿಸಿ ಕಣ್ಣು ಮುಚ್ಚಿಸಿ ಒಂಟಿ ಕಾಲಲ್ಲಿ ನಿಲ್ಲಿಸಿದಳು. ಹುಡುಗಿ ತೂರಾಡಿ ಗೋಡೆ ಹಿಡಿದಳು. ಮಿದುಳಿಗೆ ಪೆಟ್ಟಾಗಿತ್ತು. ಅದು ಮಾಯುವ ಮೊದಲೇ ಇನ್ನೊಂದು ಪೆಟ್ಟು ಬಿದ್ದರೆ ಜೀವಕ್ಕೇ ಕುತ್ತು.

“ಡಾಕ್ಟರಿಗೆ ಹೇಳಬೇಡಿ ದೀದಿ. ನಾಳೆ ಒಂದು ದಿನ, ಅಷ್ಟೇ. ಊರಿಗೆ ಊರೇ ಟಿ.ವಿ. ಮುಂದೆ ಕೂತಿರುತ್ತದೆ.”

ಆಗದು ಎಂದು ಅಲ್ಲೇ ಹೇಳಬೇಕಿತ್ತು. ಆದರೆ ಹುಡುಗಿಯ ಕಣ್ಣಲ್ಲಿ ನೀರು ತುಂಬಿದ್ದು ಕಂಡು ದಾಕ್ಷಾಯಿಣಿಯ ಬಾಯಿಂದ ಬೇರೆಯೇ ಮಾತು ಬಂತು. “ಆಯ್ತು, ಹೇಳುವುದಿಲ್ಲ. ನೀನು ಮಲಗು.”

ಅವಳನ್ನು ಅವಳ ಕೋಣೆಗೆ ಬಿಟ್ಟು, ಬಾಗಿಲು ಎಳೆದುಕೊಂಡು ದಾಕ್ಷಾಯಿಣಿ ನೇರ ತಂಡದ ಡಾಕ್ಟರ ಬಳಿಗೇ ಹೋದಳು. ಸಂಜೆಯೊಳಗೆ ಯಾಂಗ್‌ಚೆನ್‌ಳ ಹೆಸರನ್ನು ಸ್ಪರ್ಧೆಯಿಂದ ತೆಗೆದಾಗಿತ್ತು.

ಹುಡುಗಿ ಕೂಗಾಡಲಿಲ್ಲ. ಮರುದಿನ ಬೇಲಿಯಾಚೆ ನಿಂತು ಬೇರೆಯವರ ಓಟ ನೋಡಿದಳು. ದಾಕ್ಷಾಯಿಣಿ ಪಕ್ಕಕ್ಕೆ ಬಂದಾಗ, “ಹೇಳುವುದಿಲ್ಲ ಅಂದಿದ್ದಿರಿ” ಎಂದಷ್ಟೇ ಅಂದು ಅಲ್ಲಿಂದ ಸರಿದಳು. ಮರಳುವಾಗ ವಿಮಾನದಲ್ಲೂ ದೂರದ ಸೀಟು ಕೇಳಿ ಪಡೆದಳು.

ಹುಬ್ಬಳ್ಳಿಯಲ್ಲಿ ಸನ್ಮಾನವಾಯಿತು, ಶಾಲು ಹೊದಿಸಿದರು. ಒಂದು ಹುಡುಗಿಯ ಜೀವ ಉಳಿಸಿದಳೆಂದು ವೇದಿಕೆಯ ಮೇಲೆ ಯಾರೋ ಹೊಗಳಿದರು. ಅದು ಸುಳ್ಳೇನೂ ಅಲ್ಲ. ಆದರೂ ದಾಕ್ಷಾಯಿಣಿಗೆ ತಲೆ ಎತ್ತಿ ಕೂರುವುದಾಗಲಿಲ್ಲ.

ಮುಂದಿನ ಚಳಿಗಾಲ ಮುಗಿಯುತ್ತ ಬಂದಾಗ ತಂಡದ ಡಾಕ್ಟರು ಫೋನು ಮಾಡಿದರು. ಯಾಂಗ್‌ಚೆನ್ ಸ್ಕೀಯಿಂಗ್ ಬಿಟ್ಟಿದ್ದಾಳೆ, ಮನೆಯಿಂದ ಹೊರಗೇ ಬರುವುದಿಲ್ಲವಂತೆ ಎಂದರು. ದಾಕ್ಷಾಯಿಣಿ ಕ್ಲಿನಿಕ್ಕಿನ ಬಾಗಿಲು ಮುಂದೆ ಮಾಡಿ ಅವಳಿಗೆ ಫೋನು ಹಚ್ಚಿದಳು.

“ಜನವರಿಯಲ್ಲಿ ಮತ್ತೆ ಬಿದ್ದೆ,” ಎಂದಳು ಯಾಂಗ್‌ಚೆನ್. “ತಲೆಗೇ ಪೆಟ್ಟು. ಯಾರಿಗೂ ಹೇಳಲಿಲ್ಲ. ಹಾಗೇ ಓಡಿದೆ, ಇನ್ನೊಮ್ಮೆ ಬಿದ್ದೆ. ಈಗ ಕಿಟಕಿ ತೆಗೆದರೆ ತಲೆ ಸಿಡಿಯುತ್ತದೆ.”

“ಯಾಕೆ ಹೇಳಲಿಲ್ಲ?”

“ಯಾರಿಗೆ ಹೇಳಲಿ, ದೀದಿ? ಅವತ್ತು ನೀವು ಮುಖದ ಮೇಲೇ ಆಗದು ಅಂದಿದ್ದರೆ ಅತ್ತಿರುತ್ತಿದ್ದೆ, ಜಗಳವಾಡಿರುತ್ತಿದ್ದೆ. ಆದರೂ ಮುಂದಿನ ಸಲ ಬಿದ್ದಾಗ ನಿಮಗೇ ಫೋನು ಮಾಡಿರುತ್ತಿದ್ದೆ.”

ದಾಕ್ಷಾಯಿಣಿ ಕ್ಷಮೆ ಕೇಳಿದಳು. ಯಾಂಗ್‌ಚೆನ್ ಮಾತು ಬದಲಿಸಿ, ಒಳ್ಳೆಯ ಡಾಕ್ಟರ ಹೆಸರಿದ್ದರೆ ಕೊಡಿ ಎಂದಳು.

ಮನೆಗೆ ಬಂದು ಅಡುಗೆಮನೆಯಲ್ಲಿ ಸುಮ್ಮನೆ ಕೂತ ಮಗಳಿಂದ ಗೌರಕ್ಕ ಎಲ್ಲ ಕೆದಕಿ ತಿಳಿದುಕೊಂಡಳು.

“ನೀ ಅವತ್ತ ಡಾಕ್ಟರಿಗೆ ಹೇಳದಿದ್ರ ಆ ಹುಡುಗಿ ಉಳೀತಿದ್ಲೋ ಇಲ್ಲೋ. ನೀ ಮಾಡಿದ್ದು ಛಲೋನ ಐತಿ. ಮತ್ಯಾಕ ಹಿಂಗ ಕುಂತೀ?”

“ಡಾಕ್ಟರಿಗೆ ಹೇಳಿದ್ದಕ್ಕಲ್ಲವ್ವಾ. ಹೇಳೂದಿಲ್ಲಂತ ಆಕಿಗೆ ಮಾತ ಕೊಟ್ಟೆನಲ್ಲ, ಅದಕ್ಕ. ಆಕಿ ಅಳೂದು ನೋಡಾಕ ನನಗ ಧೈರ್ಯ ಸಾಲಲಿಲ್ಲ. ಅಷ್ಟಕ್ಕ ಸುಳ್ಳ ಹೇಳಿದ್ನಿ.”

ಗೌರಕ್ಕ ಮಗಳ ಬೆನ್ನ ಮೇಲೆ ಕೈಯಿಟ್ಟಳು.

ದಾಕ್ಷಾಯಿಣಿ ಚಂಡೀಗಢದ ಪರಿಚಯದ ತಜ್ಞರೊಂದಿಗೆ ಮಾತಾಡಿ ಚಿಕಿತ್ಸೆಗೆ ಏರ್ಪಾಟು ಮಾಡಿದಳು. ಯಾಂಗ್‌ಚೆನ್ ಅಕ್ಕನನ್ನು ಕರೆದುಕೊಂಡು ಹೋಗಿಬಂದಳು. ಬೇಸಿಗೆಯ ಹೊತ್ತಿಗೆ ತಲೆನೋವು ಇಳಿಯಿತು, ಕಿಟಕಿ ತೆರೆದು ಕೂರುವಷ್ಟಾಯಿತು. ಸ್ಕೀ ಮಾತ್ರ ಇನ್ನು ಮುಟ್ಟಬಾರದೆಂದು ತಜ್ಞರು ಹೇಳಿಬಿಟ್ಟರು. ಈಗ ಅವಳು ಊರಲ್ಲೇ ಅಕ್ಕನ ಜೊತೆ ಪ್ರವಾಸಿಗರಿಗೆ ಊಟ ಹಾಕುವ ಖಾನಾವಳಿ ನಡೆಸುತ್ತಾಳೆ.

ಹಬ್ಬಕ್ಕೆ, ಹುಣ್ಣಿಮೆಗೆ ದಾಕ್ಷಾಯಿಣಿ ಹೇಗಿದ್ದೀ ಎಂದು ಮೆಸೇಜು ಕಳಿಸುತ್ತಾಳೆ. “ಚೆನ್ನಾಗಿದ್ದೇನೆ ದೀದಿ” ಎಂದು ಮರುಕ್ಷಣವೇ ಉತ್ತರ ಬರುತ್ತದೆ. ಖರೆ ಹೇಗಿದ್ದಾಳೆಂದು ತಿಳಿಯಲು ಮಾತ್ರ ದಾಕ್ಷಾಯಿಣಿ ಚಂಡೀಗಢದ ತಜ್ಞರಿಗೇ ಫೋನು ಮಾಡಬೇಕು.