ಓದದೆ ಬಿಟ್ಟ ಚೀಟಿ

ಮಸೂದೆ ವಿಭಾಗದ ಮೂಲೆಕೋಣೆಯಲ್ಲಿ ಹದಿನೆಂಟು ವರ್ಷಗಳಿಂದ ಇಬ್ಬರು ಹೆಂಗಸರು ಎದುರುಬದುರು ಕೂತು ಕಾನೂನು ತಿದ್ದುತ್ತಿದ್ದರು. ಹಿರಿಯವಳು ಸಮಿತಿ ಒಪ್ಪಿದ ಮೂಲಪ್ರತಿಯನ್ನು ಗಟ್ಟಿಯಾಗಿ ಓದಬೇಕು. ಕಿರಿಯವಳು ಅಚ್ಚಿನ ಕರಡಿನ ಮೇಲೆ ಕಣ್ಣಿಟ್ಟು, ಕಿವಿಗೆ ಬಿದ್ದದ್ದು ಅಲ್ಲಿಲ್ಲದಿದ್ದರೆ ಕೆಂಪು ಶಾಯಿಯಲ್ಲಿ ತನ್ನ ಕೈಯಾರೆ ಸೇರಿಸಬೇಕು. ಮೂಲಪ್ರತಿಯತ್ತ ಅವಳು ಇಣುಕುವಂತಿಲ್ಲ. ಕಣ್ಣು ತನಗೆ ಬೇಕಾದ್ದನ್ನು ಓದಿಕೊಳ್ಳುತ್ತದೆ, ಕಿವಿ ಬಂದದ್ದನ್ನು ಕೇಳುತ್ತದೆ ಎನ್ನುವುದು ಆ ಕೋಣೆಯ ಹಳೇ ನಂಬಿಕೆ. ಇಡೀ ಕಚೇರಿ ಅವರನ್ನು ಓದೋ ಅಕ್ಕ, ತಿದ್ದೋ ತಂಗಿ ಎಂದೇ ಕರೆಯುತ್ತಿತ್ತು. ಒಡಹುಟ್ಟಿದವರೇನಲ್ಲ. ಆದರೆ ಒಡಹುಟ್ಟಿದವರು ಇಷ್ಟು ವರ್ಷ ಒಂದೇ ಮೇಜಿಗೆ ಕೂತು ಮಾತು ಬಿಡದೆ ಇದ್ದದ್ದನ್ನು ಯಾರಾದರೂ ಕಂಡಿದ್ದರೆ ಹೇಳಿ!

ಆ ದಿನ ಮೇಜಿಗೆ ಬಂದದ್ದು ವಿದ್ಯಾರ್ಥಿ ವಿನಿಮಯದ ಮಸೂದೆ. ಇಲ್ಲಿಯ ವಿದ್ಯಾರ್ಥಿಗಳು ಹೊರದೇಶದಲ್ಲಿ ಒಂದು ವರ್ಷ ಕಲಿತು ಬರುವುದು, ಅಲ್ಲಿಯವರು ಇಲ್ಲಿಗೆ ಬರುವುದು, ಖರ್ಚೆಲ್ಲ ಎರಡೂ ಸರ್ಕಾರಗಳದ್ದು. ಸಂಜೆ ಐದರೊಳಗೆ ಅದು ಅಚ್ಚಿಗೆ ಹೋಗಬೇಕು. ಮರುದಿನ ಅಧಿವೇಶನದ ಕೊನೆಯ ದಿನ; ಪಾಸಾದರೆ ತಂಗಿಯ ಮಗಳು ಪುಟ್ಟಿ ಹೊರಟಂತೆಯೇ. ಕಿವಿ ಕೇಳದ ಮಕ್ಕಳಿಗೆ ಪಾಠ ಹೇಳುವ ತರಬೇತಿಗೆ ಆಯ್ಕೆಯಾದವರ ಪಟ್ಟಿಯಲ್ಲಿ ಅವಳದ್ದೇ ಮೊದಲ ಹೆಸರು. ಅಕ್ಕನ ತಮ್ಮನ ಮಗನೂ ಅರ್ಜಿ ಹಾಕಿದ್ದ. ಅವನ ಹೆಸರು ಬಂದಿರಲಿಲ್ಲ.

ಆರನೇ ಕಲಮಿನವರೆಗೆ ಎಲ್ಲ ಸುಸೂತ್ರವಾಗಿ ಸಾಗಿತು. ಅಲ್ಪವಿರಾಮ, ಪೂರ್ಣವಿರಾಮಗಳನ್ನೂ ಬಿಡದೆ ಓದುವ ಅಕ್ಕ ಅಲ್ಲಿ ತಟಕ್ಕನೆ ನಿಂತಳು. ಕಾಗದ ಮಡಚಿದ ಸಣ್ಣ ಸದ್ದಾಯಿತು. ಲೋಟದ ನೀರು ಕುಡಿದು ಏಳನೇ ಕಲಮಿಗೆ ಹೋದಳು.

"ಅಕ್ಕ, ಮಧ್ಯೆ ಏನೋ ಬಿಟ್ಟೆ ಅನ್ಸುತ್ತೆ."

"ಏನೂ ಇಲ್ಲ ಕಣೇ. ಗಂಟಲು ಒಣಗಿತ್ತು."

"ಚೀಟಿ ಮಡಚಿದ ಹಾಗಾಯ್ತು."

"ನಿನ್ನ ಕಿವಿಗೆ ಬೇರೆ ಕೆಲ್ಸ ಇಲ್ವಾ? ಕರಡು ನೋಡು ಸುಮ್ನೆ."

ತಂಗಿ ಕರಡು ನೋಡಿದಳು. ನೋಡಿದ್ದೊಂದೂ ತಲೆಗೆ ಹತ್ತಲಿಲ್ಲ. ಬೆಳಿಗ್ಗೆ ಅಕ್ಕ, "ಪುಟ್ಟಿಗೆ ಬಟ್ಟೆಬರೆ ಎಲ್ಲಾ ತಂದಾಯ್ತಾ?" ಎಂದು ಕೇಳಿದ್ದಳು. ಆಯ್ತು ಎಂದಾಗ ಅವಳ ಮುಖ ಸಪ್ಪಗಾಗಿತ್ತು. ಯಾಕೆ ಸಪ್ಪಗಾಗಬೇಕು? ಊಟಕ್ಕೆ ಏಳುವಾಗ ಅಕ್ಕ ಮೂಲಪ್ರತಿಯನ್ನು ಡ್ರಾಯರಿನಲ್ಲಿಟ್ಟು ಬೀಗ ಹಾಕಿದಳು. ಹದಿನೆಂಟು ವರ್ಷಗಳಲ್ಲಿ ಆ ಡ್ರಾಯರಿಗೆ ಬೀಗವಿದೆ ಎನ್ನುವುದೇ ತಂಗಿಗೆ ಗೊತ್ತಿರಲಿಲ್ಲ! ಊಟದಲ್ಲಿ ಅಕ್ಕ ತನ್ನ ಡಬ್ಬಿಯ ಅರ್ಧವನ್ನು ಇವಳ ಕಡೆ ತಳ್ಳಿದಳು. ದಿನವೂ ತಳ್ಳುತ್ತಿದ್ದವಳೇ, ಆದರೆ ಇವತ್ತು ಅದೂ ನಾಟಕವಾಗಿ ಕಂಡಿತು. ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ.

ತಮ್ಮನ ಮಗನಿಗೆ ಸಿಗದ್ದು ನನ್ನ ಮಗಳಿಗೂ ಸಿಗಬಾರದು, ಅಷ್ಟೇ ತಾನೇ? ಎಂದುಕೊಂಡಳು ತಂಗಿ. ತನ್ನ ಮಗಳಂಥವರಿಗೆ ಅನುಕೂಲವಾಗುವ ಯಾವುದೋ ಮಾತು ಆ ಚೀಟಿಯಲ್ಲಿತ್ತು, ಅಕ್ಕ ಅದನ್ನು ನುಂಗಿ ನೀರು ಕುಡಿದಳು. ಓದದಿದ್ದರೆ ಅಚ್ಚಾಗುವುದಿಲ್ಲ, ಅಚ್ಚಾಗದಿದ್ದರೆ ಕಾನೂನಲ್ಲ. ಯೋಚಿಸಿದಷ್ಟೂ ಅದೇ ನಿಜವೆನ್ನಿಸಿತು. ಅಕ್ಕನನ್ನೇ ಕೂರಿಸಿ ನೇರವಾಗಿ ಇನ್ನೊಮ್ಮೆ ಕೇಳಬಹುದಿತ್ತು. ಕೇಳಲಿಲ್ಲ. ಮೂರೂವರೆಗೆ ಸೀದಾ ವಿಭಾಗದ ಸಾಹೇಬರ ಕೋಣೆಗೆ ಹೋದಳು.

"ದೂರು ಕೊಡ್ತಿದ್ದೀರಾ?" ಎಂದರು ಸಾಹೇಬರು.

"ದೂರಲ್ಲ ಸಾರ್. ಆರನೇ ಕಲಂ ಹತ್ರ ಒಂದ್ಸಲ ಮೂಲಪ್ರತಿ ನೋಡಿ, ಅಷ್ಟೇ."

ಸಾಹೇಬರು ಎದ್ದು ಬಂದರು. ಅಕ್ಕ ಬೀಗ ತೆಗೆದಳು. ಆರನೇ ಕಲಮಿನ ಕೆಳಗೆ ಪಿನ್ನು ಚುಚ್ಚಿದ ಚೀಟಿ ನಾಲ್ಕು ಮಡಿಕೆಯಾಗಿ ಕೂತಿತ್ತು. ಸಮಿತಿ ಹಿಂದಿನ ದಿನ ಸೇರಿಸಿದ್ದು. ಸಾಹೇಬರು ಅದನ್ನು ಬಿಡಿಸಿ ಓದಿಕೊಂಡರು. ಆಮೇಲೆ ತಂಗಿಯನ್ನು ನೋಡಿದರು.

"ಇದರಲ್ಲಿ ಏನಿದೆ ಅಂತ ಗೊತ್ತಿದ್ದೇ ಬಂದ್ರಾ?"

"ಇಲ್ಲ ಸಾರ್."

ಸಾಹೇಬರು ಚೀಟಿಯನ್ನು ಅಕ್ಕನ ಮುಂದಿಟ್ಟರು. "ನಾಳೆಯಿಂದ ಈ ಕೋಣೆಗೆ ಬರ್ಬೇಡಿ. ಮುಂದಿಂದು ಬರವಣಿಗೇಲಿ ಬರುತ್ತೆ. ಈಗ ಇದನ್ನ ಓದಿ. ಅವರು ಸೇರಿಸ್ಲಿ. ಐದಕ್ಕೆ ಅಚ್ಚಿನವರು ಬರ್ತಾರೆ." ಹೇಳಿ ಬಾಗಿಲೆಳೆದುಕೊಂಡು ಹೋದರು.

ಅಕ್ಕ ಓದಿದಳು. "ಈ ಮಸೂದೆಯನ್ನು ಸಿದ್ಧಪಡಿಸುವ, ತಿದ್ದುವ ಅಥವಾ ಅಚ್ಚು ಹಾಕುವ ಕೆಲಸದಲ್ಲಿರುವ ನೌಕರರ ಮಕ್ಕಳು, ಅಲ್ಪವಿರಾಮ, ಈಗಾಗಲೇ ಆಯ್ಕೆಯಾಗಿದ್ದರೂ ಸಹ, ಅಲ್ಪವಿರಾಮ..."

ತಂಗಿಯ ಪೆನ್ನು ಕಾಗದಕ್ಕೆ ತಾಗಿದ್ದಲ್ಲೇ ನಿಂತು ಕೆಂಪು ಚುಕ್ಕೆ ದೊಡ್ಡದಾಗುತ್ತಾ ಹೋಯಿತು.

"ಬರಿ," ಎಂದಳು ಅಕ್ಕ. "ಮೊದಲ ಮೂರು ವರ್ಷ ಅರ್ಹರಾಗಿರುವುದಿಲ್ಲ. ಪೂರ್ಣವಿರಾಮ."

ತಂಗಿ ಬರೆದಳು. ಬರೆಯದೆ ಏನು ಮಾಡುತ್ತಾಳೆ? ಮಗಳ ದಾರಿಗೆ ತಾನೇ ಕಲ್ಲು ಹಾಕಿ, ಅದನ್ನು ತನ್ನ ಕೈಬರಹದಲ್ಲೇ ಕಾನೂನು ಮಾಡಿದಳು. ಸಮಿತಿಯ ಮಾತು ತಪ್ಪೆಂದು ಹೇಳುವಂತಿರಲಿಲ್ಲ. ಅಕ್ಕ ಮಾಡಿದ್ದು ಸರಿಯೆಂದೂ ಹೇಳುವಂತಿರಲಿಲ್ಲ. ತಪ್ಪೇ ಅದು, ಯಾರು ಅಲ್ಲವೆಂದರು? ಆದರೆ ಆ ತಪ್ಪು ಯಾರಿಗಾಗಿ ಎನ್ನುವುದು ಈಗ ಗೊತ್ತಾಗಿತ್ತು. ತಂಗಿಗೆ ಅಕ್ಕನ ಮುಖ ನೋಡುವ ಧೈರ್ಯವಿರಲಿಲ್ಲ.

"ನಂಗೊಂದು ಮಾತು ಹೇಳ್ಬಾರದಿತ್ತಾ ಅಕ್ಕ?"

"ಹೇಳಿದ್ರೆ ನೀನೂ ಕಳ್ಳಿ ಆಗ್ತಿದ್ದೆ. ಈಗ ನಾನೊಬ್ಳೇ ಅಲ್ವಾ?"

"ನಾನು ನಿನ್ನ ಬಗ್ಗೆ ಏನೇನೋ ಅಂದ್ಕೊಂಡೆ."

"ಗೊತ್ತು ಬಿಡೇ. ಊಟ ಮಾಡುವಾಗ್ಲೇ ಗೊತ್ತಾಯ್ತು, ಡಬ್ಬಿ ಮುಟ್ಲೇ ಇಲ್ಲ ನೀನು."

ಅಕ್ಕ ಡ್ರಾಯರಿನಿಂದ ತನ್ನ ಕನ್ನಡಕದ ಪೆಟ್ಟಿಗೆ, ಬಾಚಣಿಗೆ, ಅರ್ಧ ಹೆಣೆದ ಉಲ್ಲನ್ನಿನ ಸ್ವೆಟರ್ ತೆಗೆದು ಚೀಲಕ್ಕೆ ತುಂಬಿದಳು. ಐದಕ್ಕೆ ಅಚ್ಚಿನವನು ಬಂದು ಕರಡು ಒಯ್ದ. ಇಬ್ಬರೂ ಒಟ್ಟಿಗೇ ಮೆಟ್ಟಿಲಿಳಿದರು. ಗೇಟಿನ ಹತ್ತಿರ ತಂಗಿ ನಿಂತುಬಿಟ್ಟಳು. ಮನೆಯಲ್ಲಿ ಮಗಳು ಪೆಟ್ಟಿಗೆ ತುಂಬುತ್ತಾ ಕೂತಿದ್ದಳು.

ಅಕ್ಕ ಚೀಲವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡಳು.

"ಪುಟ್ಟಿಗೆ ಹೇಳೋಕೆ ನಾನೂ ಬರ್ಲಾ?"