ಹಟ್ಟಿಯ ಬಾವಿಗೆ ಬಿಟ್ಟ ಆಮೆ

ನಾನೊಂದು ಆಮೆ. ಕೆರೆಯಂಗಳದ ಬೆಚ್ಚನೆ ಮಣ್ಣಿನಲ್ಲಿ ಮೊಟ್ಟೆಯೊಡೆದು ಹೊರಬಂದೆ. ಅಮ್ಮನ ಮುಖ ನೋಡಲಿಲ್ಲ. ನಮ್ಮಲ್ಲಿ ಆ ರೂಢಿಯೇ ಇಲ್ಲ. ಮೊದಲು ಕಂಡದ್ದು ಕೊಕ್ಕರೆಯ ಕಾಲು. ಅದು ಕಾಲೆಂದು ತಿಳಿಯುವ ಮೊದಲೇ ನೀರಿಗೆ ಓಡಿದ್ದರಿಂದ ಬದುಕಿದೆ. ಏನಿದು, ಯಾಕಿದು ಎಂದು ಕತ್ತು ಚಾಚಿ ನೋಡುವ ಚಟ ಅಂದೇ ಅಂಟಿತು.

ಆ ಚಟವೇ ನನ್ನನ್ನು ಮನುಷ್ಯರ ಕೈಗೆ ಹಾಕಿತು. ಕರೇಗುಂಡ್ಲಹಟ್ಟಿಯ ಪಾಲಯ್ಯ ಕುರಿ ತೊಳೆಯಲು ಕೆರೆಗೆ ಬಂದಿದ್ದ. ಉಣ್ಣೆ ಹೀಗೇಕೆ ತೇಲುತ್ತದೆಂದು ನೋಡಲು ಹತ್ತಿರ ಹೋದೆ. ಕಂಬಳಿ ಬೀಸಿ ಹಿಡಿದ. ಹಟ್ಟಿಯಲ್ಲಿ ಆಗತಾನೆ ಕುಡಿಯುವ ನೀರಿಗೆ ಮೆಟ್ಟಿಲ ಬಾವಿ ತೋಡಿದ್ದರು. ಬಾವಿಗೆ ಆಮೆ ಬಿಟ್ಟರೆ ನೀರು ಚೊಕ್ಕವಾಗಿರುತ್ತದೆಂದು ಅಲ್ಲಿಯವರ ನಂಬಿಕೆ. ಹುಳುಹುಪ್ಪಟೆ ತಿನ್ನುತ್ತೇನೆ, ನಿಜ. ಅಷ್ಟಕ್ಕೇ ಬೆನ್ನಿಗೆ ಅರಿಶಿನ ಕುಂಕುಮ ಹಚ್ಚಿ, ಬುಟ್ಟಿಯಲ್ಲಿ ಕೂರಿಸಿ ಇಳಿಸಿದರು. ಅರಿಶಿನ ತೊಳೆದುಹೋಯಿತು, ಗೌರವ ಉಳಿಯಿತು.

ನೀರೊಳಗಿಂದ ನೋಡಿದರೆ ಹಟ್ಟಿಯೆಂದರೆ ಗಲ್ಲಗಳು, ಮೂಗಿನ ಹೊಳ್ಳೆಗಳು, ಮೂಗುತಿಗಳು. ಹೆಂಗಸರು ಬಗ್ಗಿ ನೋಡಿ, ನಾನು ಕಂಡರೆ "ಐತೆ ಕಣೆ" ಅಂದು ಕೊಡ ಅದ್ದುತ್ತಿದ್ದರು. ಕಾಣದಿದ್ದರೆ ಕಾಣುವವರೆಗೂ ಕಾಯುತ್ತಿದ್ದರು.

ದಿಬ್ಬದಾಚೆಯ ಹುಲ್ಲುಗಾವಲಿಗೆ ಒಂದು ದಿನ ಬೇಲಿ ಬಿತ್ತು. ಸೈನ್ಯದವರು ಗುಂಡು ಹಾರಿಸಿ ಕಲಿಯುವ ಮೈದಾನವಂತೆ. ಹಟ್ಟಿಯವರನ್ನು ಯಾರೂ ಕೇಳಲಿಲ್ಲ. ಕುರಿಗಳನ್ನಂತೂ ಕೇಳಲೇ ಇಲ್ಲ. ಮೊದಲ ಸಿಡಿತಕ್ಕೆ ಬಾವಿಯ ನೀರೆಲ್ಲ ಬಳೆಬಳೆಯಾಗಿ ನಡುಗಿತು. ಬಂದ ಶಬ್ದ ಹೋಗುತ್ತದೆ ಅಂದುಕೊಂಡೆ. ಶಬ್ದ ಹೋಯಿತು, ಶಬ್ದ ಮಾಡಿದ ವಸ್ತು ಉಳಿಯಿತು. ಸಿಡಿಮದ್ದಿನ ಪುಡಿ, ಸೀಸದ ಚೂರು ಮಣ್ಣಿನಲ್ಲಿ ಕೂತವು. ಮಳೆ ಬಂದಾಗ ಕರಗುವುದೆಲ್ಲ ಕರಗಿ, ನೆಲದೊಳಗೇ ದಾರಿ ಮಾಡಿಕೊಂಡು ಇಳಿದುಬಂತು. ದಿಬ್ಬದ ಕಡೆಯ ಒರತೆಗೆ ಹೊಸ ರುಚಿ ಹತ್ತಿತು. ಕಹಿಯೂ ಅಲ್ಲ, ಉಪ್ಪೂ ಅಲ್ಲ. ಏನಿರಬಹುದೆಂದು ಮತ್ತೆ ಮತ್ತೆ ಕುಡಿದು ನೋಡಿದೆ. ಕುತೂಹಲಕ್ಕೆ ಬುದ್ಧಿ ಕಡಿಮೆ.

ಅದಕ್ಕಿಂತ ವಿಚಿತ್ರ ಗೊದಮೊಟ್ಟೆಗಳದು. ಮೊದಲೆಲ್ಲ ಅವು ಬಾಲ ಕಳೆದುಕೊಂಡು, ಕಾಲು ಪಡೆದು, ಕಪ್ಪೆಗಳಾಗಿ ಮೆಟ್ಟಿಲೇರಿ ಹೋಗುತ್ತಿದ್ದವು. ಈಗ ಹೆಬ್ಬೆರಳು ಗಾತ್ರ ಬೆಳೆದರೂ ಕಾಲೇ ಮೂಡಲಿಲ್ಲ. ಮುಂದೇನಾಗುತ್ತವೋ ಎಂದು ಕಾದು ಕೂತೆ. ಏನೂ ಆಗಲಿಲ್ಲ. ಗೊದಮೊಟ್ಟೆಗಳಾಗಿಯೇ ಮುದಿಯಾದವು.

ಇದನ್ನು ಗಮನಿಸಿದ ಇನ್ನೊಂದು ಜೀವ ಪಾಲಯ್ಯನ ಸೊಸೆ ಕಾಟಮ್ಮ. ಎರಡು ಬಸಿರು ಇಳಿದುಹೋಗಿ ಮೂರನೆಯದು ನಿಂತಿತ್ತು. ಕೊರಳು ಊದಿತ್ತು. ಕೊಡದೊಳಗೆ ಬಂದ ಗೊದಮೊಟ್ಟೆಯನ್ನು ಅಂಗೈ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದಳು. ಮಾರನೆಯ ದಿನದಿಂದ ಹಳ್ಳದಾಚೆಯ ತೋಟದ ಬಾವಿಗೆ ನಡೆದು ನೀರು ಹೊತ್ತಳು.

"ಏನಮ್ಮಿ, ನಮ್ಮೂರ ನೀರು ಗಂಟಲಾಗೆ ಇಳಿಯಲ್ವಾ? ಮಹಾರಾಣಿ!" ಎಂದು ಹೆಂಗಸರು ಹಂಗಿಸಿದರು.

"ನನ್ನ ಕೂಸಿಗೆ ಕಾಲು ಮೂಡಬೇಕು ಕಣೆ," ಎಂದಳು ಕಾಟಮ್ಮ. "ನೀವೂ ಕುಡೀಬ್ಯಾಡ್ರಿ."

ಅವಳು ಬೇಲಿಯ ಗೇಟಿನವರೆಗೂ ಹೋಗಿ ಕೂಗಾಡಿದ ಮೇಲೆ ಜೀಪಿನಲ್ಲಿ ಒಬ್ಬ ಅಧಿಕಾರಿ ಬಂದ. ಬಾವಿಗೆ ಬಗ್ಗಿದ. ಅವನ ಟೋಪಿಯಲ್ಲಿ ಹೊಳೆಯುವುದೇನೆಂದು ನಾನು ಕತ್ತು ಚಾಚಿದೆ.

"ಆಮೆ ಬದುಕಿದೆಯಲ್ಲ! ನೀರಿಗೆ ಏನಾಗಿದೆ?" ಎಂದ.

ಜನ ತಲೆದೂಗಿದರು. ಅವನು ನನ್ನ ಫೋಟೊ ತೆಗೆದುಕೊಂಡು ಹೋದ. ಬೇಲಿಯಾಚೆ ಒಂದು ಗುಂಡೂ ಕಡಿಮೆಯಾಗಲಿಲ್ಲ.

ನಮ್ಮ ಜಾತಿಯ ಬದುಕು ನಿಧಾನ, ಸಾವೂ ನಿಧಾನ. ವಿಷ ಕುಡಿದ ಆಮೆ ಮರುದಿನವೇ ಮಗುಚಿ ಬೀಳುವುದಿಲ್ಲ. ಬದುಕಿರುವುದು ಬೇರೆ, ಚೆನ್ನಾಗಿರುವುದು ಬೇರೆ. ಈ ಎರಡರ ನಡುವಿನ ಜಾಗದಲ್ಲಿ ಬೇಲಿ ಹಾಕಿದವರು ಹಾಯಾಗಿ ಕೂತಿದ್ದರು.

ಒಂದು ಮಧ್ಯಾಹ್ನ ಕಾಟಮ್ಮ ದಡದಡ ಮೆಟ್ಟಿಲಿಳಿದು ಬಂದು ನನ್ನನ್ನು ಎತ್ತಿ ಸೆರಗಿಗೆ ಹಾಕಿಕೊಂಡಳು. "ಆಮೆ ಇದ್ರೆ ತಾನೆ ಕುಡಿಯೋದು? ತಗೊಂಡೆ. ಈಗ ಕುಡೀರಿ ನೋಡಾನ!"

ಒಂದು ಕೊಡವೂ ನೀರಿಗೆ ಇಳಿಯಲಿಲ್ಲ. ಹಟ್ಟಿಗೆ ಹಟ್ಟಿಯೇ ಓಡಿಬಂತು. ಪಾಲಯ್ಯ ಕೆಂಡವಾಗಿದ್ದ. "ನಾನು ತಂದು ಬಿಟ್ಟ ದೇವ್ರು ಕಣೆ ಅದು!"

ಹಿರಿಯರು ಒಂದು ಉಪಾಯ ಹೂಡಿದರು. ಒಂದು ಕಡೆ ಬಾವಿ, ಇನ್ನೊಂದು ಕಡೆ ತೋಟದ ಬಾವಿಯ ನೀರು ತುಂಬಿದ ಬಾನಿ, ನಡುವೆ ನಾನು. ಯಾವ ನೀರು ಒಳ್ಳೆಯದೋ ಆಮೆಯೇ ಹೇಳಲಿ ಎಂದರು.

"ಅದಕ್ಕೇನು ಗೊತ್ತು ಮಾವ?" ಕಾಟಮ್ಮ ಅಡ್ಡ ಬಂದಳು. "ಆ ಬಾವಿ ಅದಕ್ಕೆ ತೌರಿದ್ದಂಗೆ. ತೌರಿಗೆ ವಿಷ ಬಿದ್ದಿದ್ರೂ ಕಾಲು ಅತ್ಲಾಗೇ ಎಳೀತೈತೆ."

ಅವಳ ಮಾತು ನನಗೆ ಅರ್ಥವಾಗಿತ್ತು. ಆದರೂ ಬಾವಿಯ ಕಡೆಗೇ ನಡೆದೆ. ಜನ ಹೋ ಎಂದು ಕೂಗಿದರು. "ನೋಡಮ್ಮಿ, ನಿನ್ನ ಸಾಕ್ಷಿ ನಿನಗೇ ತಿರುಗಿಬಿತ್ತು!" ಎಂದು ಯಾರೋ ನಕ್ಕರು.

ಪಾಲಯ್ಯ ಮಾತ್ರ ನಗಲಿಲ್ಲ. ನೀರಿನಲ್ಲಿ ತೇಲುವಾಗ ಕಾಣದ್ದು ನೆಲದ ಮೇಲೆ ಕಂಡಿತ್ತು. ನನ್ನ ಹಿಂಗಾಲು ಊರದೆ ಬರೀ ಎಳೆದುಕೊಂಡು ಬರುತ್ತಿತ್ತು. ಕುರಿ ಸಾಕಿದ ಕಣ್ಣು ಅದು. ಎತ್ತಿಕೊಂಡು ಹೊಟ್ಟೆಯ ಕಡೆಯ ಚಿಪ್ಪನ್ನು ಒತ್ತಿದ. ಹೆಬ್ಬೆರಳು ಒಳಗಿಳಿಯಿತು. "ಬಿಟ್ಟಾಗ ಕಲ್ಲಿದ್ದಂಗಿತ್ತಲ್ಲೋ..." ಎಂದ. ಸೊಸೆಯ ಕೊರಳು ನೋಡಿದ, ಹೊಟ್ಟೆ ನೋಡಿದ. ಮುಖದ ಮೇಲೆ ಕಂಬಳಿ ಎಳೆದುಕೊಂಡ. ಆಮೇಲೆ ಒಂದೇ ಮಾತು: "ಮುಳ್ಳು ತರ್ರಲಾ. ಬಾವಿ ಮುಚ್ರಿ."

ಈಗ ನಾನು ಕಾಟಮ್ಮನ ಮನೆಯ ಸೂರಿನಡಿ ಸಿಮೆಂಟಿನ ತೊಟ್ಟಿಯಲ್ಲಿದ್ದೇನೆ. ತೋಟದ ಬಾವಿಯಿಂದ ತಂದ ನೀರಿಗೆ ಏನೂ ರುಚಿಯಿಲ್ಲ, ಎಷ್ಟು ಸೊಗಸು! ಹಟ್ಟಿಯವರು ಬೆಳಗಾದರೆ ಖಾಲಿ ಕೊಡ ಹಿಡಿದು ಬೇಲಿಯ ಗೇಟಿನೆದುರು ಕೂರುತ್ತಾರೆ. ಮುಂದೆ ಕೂರುವವನು ಪಾಲಯ್ಯ. ಕಾಟಮ್ಮನಿಗೆ ದಿನ ತುಂಬುತ್ತಿದೆ. ಕೂಸು ಹೇಗಿರುತ್ತದೋ, ನೋಡಲು ನಾನೂ ಕತ್ತು ಚಾಚಿಯೇ ಇದ್ದೇನೆ.

ಮೈದಾನದಲ್ಲಿ ಗುಂಡು ಇನ್ನೂ ಹಾರುತ್ತಿದೆ. ಮುಳ್ಳು ಹಾಕಿದರೆ ಬಾವಿ ಮುಚ್ಚುತ್ತದೆ, ನೆಲದೊಳಗಿನ ನೀರು ನಿಲ್ಲುತ್ತದೆಯೇ? ಈ ಹೊತ್ತು ಅದು ಎಲ್ಲಿಯವರೆಗೆ ಹೋಗಿರಬಹುದು? ಯಾವ ಊರಿನ ಬಾವಿ, ಅಲ್ಲಿ ಈಜುತ್ತಿರುವ ಆಮೆ ಯಾವುದು, ಯಾರು ಬಗ್ಗಿ ನೋಡಿ "ಐತೆ ಕಣೆ" ಅನ್ನುತ್ತಿದ್ದಾರೆ?